ಕಾಯುವವರು ಯಾರೂ ಇಲ್ಲ

ಬೆಂಗಳೂರಿನ ವಿಜಯನಗರದ ಆ ಖಾನಾವಳಿಯಲ್ಲಿ ಊಟಕ್ಕೆ ಕೂತವರಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಬಡಿಯುವ ಕೈ ಕಾಣುತ್ತಿರಲಿಲ್ಲ. ಕಾಣಬಾರದು ಅಂತಲೇ ಮಾಲೀಕ ಚನ್ನವೀರಪ್ಪ ಅಡುಗೆಮನೆಯ ಬಾಗಿಲಿಗೆ ಹಳೇ ಗೋಣಿಚೀಲ ಹೊಲಿಸಿ ಇಳಿಬಿಟ್ಟಿದ್ದ. ಅದರ ಹಿಂದೆ, ಕಿಟಕಿ ಇಲ್ಲದ ಗೂಡಿನಲ್ಲಿ, ಎರಡು ಒಲೆಗಳ ನಡುವೆ ನೀಲಾಂಬಿಕಾ ಕೂತಿರುತ್ತಿದ್ದಳು. ಬೆಳಕು ಹರಿಯುವ ಮೊದಲು ಕೂತರೆ ಮಧ್ಯಾಹ್ನದ ಕೊನೆಯ ಗಿರಾಕಿ ಕೈ ತೊಳೆಯುವ ತನಕ ಏಳುವ ಹಾಗಿಲ್ಲ. ಹೊಗೆಗೆ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ಕಾವಿಗೆ ಮುಂಗೈ ಮೇಲಿನ ಕೂದಲು ಸುಟ್ಟು ಹೋಗಿತ್ತು. ಆ ಒಲೆಯಿಂದ ಅವಳಿಗೆ ಆದ ಉಪಕಾರ ಅದೊಂದೇ.

ಚನ್ನವೀರಪ್ಪನಿಗೆ ಖುಷಿಯಾಗಿದ್ದ ದಿನ ಅವಳು 'ನೀಲವ್ವ' ಆಗುತ್ತಿದ್ದಳು.

"ನೀಲವ್ವಾ, ನಿನ್ನಂಗ ತೆಳ್ಳಗ ರೊಟ್ಟಿ ಬಡಿಯಾಕಿ ಇಡೀ ಬೆಂಗಳೂರಾಗ ಇಲ್ಲ ನೋಡು. ಆದ್ರ ಗಿರಾಕಿ ಮುಂದ ಬರಬ್ಯಾಡವಾ. ಮಂದಿ ಉಣ್ಣಾಕ ಬರ್ತಾರ."

ಸಿಟ್ಟು ಬಂದ ದಿನ ಅದೇ ಬಾಯಲ್ಲಿ "ಲೇ ಬಾಳ್ಯಾ" ಎಂದು ಕೂಗುತ್ತಿದ್ದ. ಗುರುವಾರಗಳಲ್ಲಿ ಹೆಚ್ಚಾಗಿ ಸಿಟ್ಟೇ ಬರುತ್ತಿತ್ತು. ಯಾಕೆಂದರೆ ಗುರುವಾರ ನೀಲಾ ರೊಟ್ಟಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ರಾಜಾಜಿನಗರದ ಕಡೆಯ ಸರ್ಕಾರಿ ಆಸ್ಪತ್ರೆಗೆ ಓಡುತ್ತಿದ್ದಳು. ಅರ್ಧ ದಿನ ಹೋದರೆ ಪೂರ್ತಿ ದಿನದ ಕೂಲಿ ಮುರಿಯುತ್ತಿದ್ದ ಆ ಮನುಷ್ಯ. ಜಗಳ ಆಡಿ ಪ್ರಯೋಜನ ಇರಲಿಲ್ಲ. ಬೇರೆ ಯಾರು ಕೆಲಸ ಕೊಡುತ್ತಾರೆ ಎಂಬ ಒಂದು ಪ್ರಶ್ನೆಯನ್ನು ಅವನು ಸದಾ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿರುತ್ತಿದ್ದ.

ನೀಲಾ ಹುಟ್ಟಿದ್ದು ಸವದತ್ತಿ ಕಡೆಯ ಹಳ್ಳಿಯಲ್ಲಿ, ಬಾಳೇಶ ಎಂಬ ಹೆಸರಿನಲ್ಲಿ. ಮೀಸೆ ಚಿಗುರುವ ವಯಸ್ಸಿಗೆ ಮೈಮೇಲೆ ಯಲ್ಲಮ್ಮ ಬಂದಳು, ಸೀರೆ ಕೇಳಿದಳು. ತಾಯಿ ಮುತ್ತವ್ವ ಅತ್ತು ಅತ್ತು ಸಾಕಾಗಿ, ಕಡೆಗೆ ತನ್ನ ಮದುವೆಯ ಸೀರೆಯನ್ನೇ ಟ್ರಂಕಿನಿಂದ ತೆಗೆದು ಉಡಿಸಿದಳು. ಗುಡ್ಡಕ್ಕೆ ಕರೆದುಕೊಂಡು ಹೋಗಿ ಕೆಂಪು ಬಿಳಿ ಮಣಿಗಳ ಸರ ಕಟ್ಟಿಸಿದಳು. ಅದಕ್ಕೆ ಮುತ್ತು ಕಟ್ಟಿಸುವುದು ಅನ್ನುತ್ತಾರೆ. ಅಂದಿನಿಂದ ಊರಿಗೆ ಬಾಳೇಶ ಇಲ್ಲ, ಜೋಗಪ್ಪ ಇದ್ದ. ಮಂಗಳವಾರ, ಶುಕ್ರವಾರ ಹೆಂಗಸರು ಬಂದು ಕಾಲಿಗೆ ಬೀಳುತ್ತಿದ್ದರು. ಕಳೆದುಹೋದ ಎಮ್ಮೆ ಎಲ್ಲಿದೆ, ಮಗಳಿಗೆ ಗಂಡು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಪೂಜೆ ಸಿಗುತ್ತಿತ್ತು, ಆದರೆ ಹೊಲದ ಕೂಲಿಗೆ ಯಾರೂ ಕರೆಯುತ್ತಿರಲಿಲ್ಲ. ದೇವರನ್ನು ಕಳೆ ಕೀಳಲು ಕರೆಯುತ್ತಾರೆಯೇ?

ಹಸಿವು ಬೆಂಗಳೂರಿಗೆ ಕರೆತಂದಿತು. ಇನ್ನೊಂದು ಸಂಕಟವೂ ಇತ್ತು. ಸೀರೆಯ ಒಳಗಿನ ಮೈ ಅವಳದಾಗಿರಲಿಲ್ಲ. ಸ್ನಾನ ಮಾಡುವಾಗ ಬಚ್ಚಲಿನ ದೀಪ ಆರಿಸುತ್ತಿದ್ದಳು. ದೀಪಾಂಜಲಿ ನಗರದ ಹಿಂಬದಿಯ ಓಣಿಯಲ್ಲಿ ತನ್ನಂಥವರೇ ಇರುವ ಮನೆಯೊಂದು ಸಿಕ್ಕಿದಾಗ, ಆ ಮನೆಯ ಹಿರಿಯಳು ಶಿವಕ್ಕ ಇದನ್ನು ಮೊದಲ ವಾರವೇ ಕಂಡುಹಿಡಿದಳು.

"ಕತ್ಲಲ್ಲಿ ಯಾಕೆ ಸ್ನಾನ ಮಾಡ್ತೀಯಾ ಅಂತ ನಾನ್ ಕೇಳಲ್ಲ ಕಣೇ. ನಂಗೊತ್ತು. ಆದ್ರೆ ಒಂದ್ ಮಾತು. ಕತ್ತಿ ಹಿಡಿದೋರ ಹತ್ರ ಎಲ್ಲಾ ಹೋಗ್ಬೇಡ. ಸರ್ಕಾರಿ ಆಸ್ಪತ್ರೇಲಿ ಮಾಡ್ತಾರಂತೆ. ಲೇಟಾದ್ರೂ ಸರಿ, ಜೀವ ಇರುತ್ತೆ."

ಲೇಟು ಅಂದರೆ ಎಷ್ಟು ಲೇಟು ಎಂದು ಶಿವಕ್ಕನಿಗೂ ಗೊತ್ತಿರಲಿಲ್ಲ. ಮೊದಲು ಮನೋರೋಗದ ಡಾಕ್ಟರು ನೋಡಬೇಕು. ಬಂದವಳು ಹುಚ್ಚಿಯಲ್ಲ, ನಿಜವಾಗಿಯೂ ಹೆಣ್ಣಾಗಿಯೇ ಬದುಕುವವಳು ಎಂದು ಬರೆದುಕೊಡಬೇಕು. ಆಮೇಲೆ ದೊಡ್ಡ ಡಾಕ್ಟರುಗಳೆಲ್ಲ ಒಟ್ಟಿಗೆ ಕೂತು ಒಪ್ಪಬೇಕು. ಅದಾದ ಮೇಲೆ ಆಪರೇಷನ್ನು. ಮೊದಲ ಮೆಟ್ಟಿಲೇ ಹತ್ತಲಾಗಲಿಲ್ಲ. ಒಂದು ಗುರುವಾರ ಡಾಕ್ಟರು ರಜೆ, ಇನ್ನೊಂದು ಗುರುವಾರ ಮೀಟಿಂಗು. ಒಬ್ಬರು ವರ್ಗವಾಗಿ ಹೋದರು, ಬಂದವರು ಇದೆಲ್ಲ ನನಗೆ ಗೊತ್ತಿಲ್ಲ ಎಂದರು. ಕಾರಿಡಾರಿನ ಕೊನೆಯಲ್ಲಿ ಒಂದು ಕಬ್ಬಿಣದ ಬೆಂಚು. ಅದರ ಮೇಲೆ ನೀಲಾಳಂಥವರು ಹಿಡಿಸಿದಷ್ಟು ಜನ, ಉಳಿದವರು ನೆಲದ ಮೇಲೆ. ಬೇರೆ ರೋಗಿಗಳು ಆ ಬೆಂಚಿನ ಹತ್ತಿರ ಬಂದಾಗ ಸೆರಗು ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದರು. ಕಾರಿಡಾರು ಗುಡಿಸುವ ಆಯಾ ಕಲ್ಯಾಣಮ್ಮ ಒಬ್ಬಳೇ ನಿಂತು ಮಾತಾಡಿಸುತ್ತಿದ್ದಳು.

ಒಂದು ಸಲ ಕಲ್ಯಾಣಮ್ಮ ಕುಂಟುತ್ತಾ ಬಂದಳು. ಕಾಲಿಗೆ ಬಟ್ಟೆ ಸುತ್ತಿತ್ತು.

"ಏನಾತ್ರೀ ಆಯಮ್ಮಾ?" ಎಂದಳು ನೀಲಾ.

"ನಮ್ಮೂರ ಮಾರಿಹಬ್ಬ ಕಣವ್ವ. ಮಾರಮ್ಮ ಬಂದ್ಬುಟ್ಲು ಮೈಮೇಲೆ. ಕೊಂಡ ಹಾಯ್ದುಬುಟ್ಟೆ. ಬರೋವಾಗ ಉರಿ ಗೊತ್ತಾಗಲ್ಲ, ಹೋದ್ಮೇಲೆ ಗೊತ್ತಾಗುತ್ತೆ ನೋಡು." ನಗುತ್ತಾ ಡಬ್ಬಿಯಿಂದ ತಂಬಿಟ್ಟು ಮುರಿದು ಬೆಂಚಿನವರಿಗೆಲ್ಲ ಹಂಚಿದಳು. ಆಗಷ್ಟೇ ಬಂದಿದ್ದ ಹೊಸ ಡಾಕ್ಟರ ರೂಮಿಗೂ ಒಂದು ತುಂಡು ತೆಗೆದುಕೊಂಡು ಹೋದಳು. ಆ ಕಟ್ಟಡದಲ್ಲಿ ನೀಲಾಳ ಪಾಲಿಗೆ ಆ ದಿನ ಸಿಕ್ಕಿದ್ದು ಆ ತಂಬಿಟ್ಟು ಮಾತ್ರ.

ಸೌಂದರ್ಯಾ ಕಾಯಲಿಲ್ಲ. ಶಿವಕ್ಕನ ಮನೆಯಲ್ಲಿ ನೀಲಾಳ ಪಕ್ಕದ ಚಾಪೆ ಅವಳದು. ಮಾತಿಗೊಂದು ನಗು, ಯಾವುದಕ್ಕೂ ತಾಳ್ಮೆ ಇಲ್ಲದ ಹುಡುಗಿ. "ಈ ಬೆಂಚ್ ಮೇಲೇ ನಂಗೆ ಮುಪ್ಪಾಗುತ್ತೆ ಕಣೇ" ಎಂದು ಹೇಳಿ, ಒಂದು ದಿನ ಗಡಿಯಾಚೆಯ ಯಾವುದೋ ಊರಿಗೆ ಹೋದಳು. ಅಲ್ಲೊಬ್ಬ, ಡಾಕ್ಟರೋ ಕಾಂಪೌಂಡರೋ ದೇವರಿಗೇ ಗೊತ್ತು, ಲಾಡ್ಜಿನ ರೂಮಿನಲ್ಲಿ ಎಲ್ಲ ಮುಗಿಸಿ ಅದೇ ಸಂಜೆ ಬಸ್ಸು ಹತ್ತಿಸಿ ಕಳಿಸಿದ. ಬರುವಾಗ ಬಸ್ಸಿನ ಸೀಟು ನೆನೆದಿತ್ತು. ಜ್ವರ ಏರಿತು. ಶಿವಕ್ಕ, ನೀಲಾ ಸೇರಿ ಆಟೋದಲ್ಲಿ ಹಾಕಿಕೊಂಡು ಇದೇ ಆಸ್ಪತ್ರೆಗೆ ತಂದರು. ಗಂಡಸರ ವಾರ್ಡಿನವರು ಸೀರೆ ನೋಡಿ ಅತ್ತ ಕಳಿಸಿದರು. ಹೆಂಗಸರ ವಾರ್ಡಿನವರು ಚೀಟಿಯಲ್ಲಿದ್ದ ಗಂಡು ಹೆಸರು ನೋಡಿ ಇತ್ತ ಕಳಿಸಿದರು. ಎರಡು ವಾರ್ಡುಗಳ ನಡುವಿನ ಓಣಿಯಲ್ಲಿ, ಸ್ಟ್ರೆಚರ್ ಮೇಲೆ, ಯಾವ ಕಡೆಗೂ ಸೇರದೆ ಸೌಂದರ್ಯಾ ಹೋದಳು. 

ಇಂಥವರ ಪರ ಹೋರಾಡುವ ಸಂಘಟನೆಯವರು ಅವಳ ಫೋಟೊ ಹಿಡಿದು ಧರಣಿ ಕೂತರು. ಪೇಪರಿನಲ್ಲಿ ಬಂತು. ಸರ್ಕಾರಕ್ಕೆ ಮುಜುಗರವಾಯಿತು. ಕಾಯುವ ಅವಧಿ ಕಡಿಮೆ ಮಾಡುತ್ತೇವೆ, ಇನ್ನು ಯಾರೂ ಕಾಯಬೇಕಾಗಿಲ್ಲ ಎಂದು ಮಂತ್ರಿ ಹೇಳಿಕೆ ಕೊಟ್ಟರು. ಒಂದು ಗುರುವಾರವನ್ನು ಗೊತ್ತು ಮಾಡಿದರು. ಆ ದಿನ ಬೆಂಚಿನ ಮೇಲಿದ್ದ ಎಲ್ಲರನ್ನೂ ನೋಡಿ, ಅಂದೇ ತೀರ್ಮಾನ ಹೇಳಿ, ಸಂಜೆಯೊಳಗೆ ಎಲ್ಲವನ್ನೂ ವಿಲೇವಾರಿ ಮಾಡುವುದು. ಕಸಕ್ಕೂ ಕಡತಕ್ಕೂ ಬಳಸುವ ಆ ಮಾತನ್ನೇ ಬಟ್ಟೆಯ ಬ್ಯಾನರಿನ ಮೇಲೆ ಬರೆಸಿ ಕಾರಿಡಾರಿನಲ್ಲಿ ಕಟ್ಟಿದ್ದರು. ಒಂದೇ ಒಂದು ಷರತ್ತು. ಹೆತ್ತವರಲ್ಲಿ ಒಬ್ಬರು ಬಂದು ಒಪ್ಪಿಗೆಯ ಸಹಿ ಹಾಕಬೇಕು.

ನೀಲಾ ಎಸ್‌ಟಿಡಿ ಬೂತಿಗೆ ಹೋಗಿ ಊರಿನ ಕಿರಾಣಿ ಅಂಗಡಿಗೆ ಫೋನು ಮಾಡಿದಳು. ಅಂಗಡಿಯವನು ಮುತ್ತವ್ವನನ್ನು ಕರೆಸಿದ.

"ಯವ್ವಾ, ನೀ ಬರಬೇಕು. ಸಹಿ ಮಾಡಬೇಕು."

"ಕತ್ತರಸಾಕ ನಾ ಸಹಿ ಮಾಡ್ಲೇನು?" ಆ ಕಡೆಯ ದನಿ ಏರಿತು. "ಅದೇನು ನಿನ್ನ ಮೈ ಅಂತ ತಿಳದಿಯೇನು? ಅಕಿ ಮೈ ಅದು. ಮುತ್ತು ಕಟ್ಟಿಸಿಕೊಂಡ ಮೈಗೆ ಕಬ್ಬಿಣ ಹಚ್ಚಬಾರದು. ನಮ್ಮ ಹಿರ್ಯಾರು ಯಾರೂ ಹಚ್ಚಿಲ್ಲ."

"ನನ್ನ ಮಗ್ಗಲದಾಗ ಒಬ್ಬಾಕಿ ಮಲಗತಿದ್ಲಬೇ. ಸೌಂದರ್ಯಾ ಅಂತ. ಕಾದು ಬ್ಯಾಸತ್ತು ಎಲ್ಲೋ ಹೋಗಿ ಕೊಯ್ಸಿಕೊಂಡು ಸತ್ಲು. ನೀ ಬರದಿದ್ರ ನಾನೂ ಅಲ್ಲಿಗೇ ಹೋಗಾಕಿ. ನಿನ್ನ ಮುಂದ ಸುಳ್ಳು ಹೇಳೂದಿಲ್ಲ."

  ಆ ಕಡೆ ಫೋನು ಇಟ್ಟ ಸಪ್ಪಳವಾಯಿತು.

ಆ ಗುರುವಾರದ ಹಿಂದಿನ ದಿನ ಬೆಳಗ್ಗೆ ನವರಂಗ್ ಹತ್ತಿರ ಹುಬ್ಬಳ್ಳಿ ಬಸ್ಸಿನಿಂದ ಮುತ್ತವ್ವ ಇಳಿದಳು. ಹಣೆ ತುಂಬ ಭಂಡಾರ, ಕಂಕುಳಲ್ಲಿ ರೊಟ್ಟಿಯ ಗಂಟು. ರೊಟ್ಟಿ ಬಡಿದೇ ಬದುಕುವ ಮಗಳಿಗೆ ಊರಿಂದ ರೊಟ್ಟಿ ತಂದಿದ್ದಳು. ನೀಲಾಳ ಮುಖ ಹಿಡಿದು, ಕೆನ್ನೆ ಒತ್ತಿ ನೋಡಿ, "ಬಾಳ ಸಣ್ಣಾಗೀಯಲ್ಲಬೇ" ಎಂದಳು. ಆಟೋ ಹತ್ತಿದ ಮೇಲೆ ತಾನಾಗಿಯೇ ಹೇಳಿದಳು.

"ಹೂ ಕೇಳೀನಿ."

 ಊರಿನಲ್ಲಿ ಯಾವ ದೊಡ್ಡ ಕೆಲಸಕ್ಕೂ ದೇವಿಯ ಮೂರ್ತಿಗೆ ಹೂ ಅಂಟಿಸಿ ಕೂರುತ್ತಾರೆ. ಎಡಕ್ಕೆ ಬಿದ್ದರೆ ಬೇಡ ಅಂತ, ಬಲಕ್ಕೆ ಬಿದ್ದರೆ ಆಗಲಿ ಅಂತ.

"ಮುಂಜಾನೆ ಕುಂತಾಕಿ ಹೊತ್ತು ಮುಳುಗೂತನಕ ಕುಂತಿದ್ದೆ. ಅಕಿ ಅಲಗಲಿಲ್ಲ. ಕಡೀಕ ನಾನ ಅಂದೆ, ಯಾಕವಾ, ನೀ ಕೊಟ್ಟ ಕೂಸು, ಸತ್ತ ಮ್ಯಾಲ ನಿನಗ ಏನ್ ಉಪಯೋಗ ಅಂದೆ." ಮುತ್ತವ್ವ ಮೂಗು ಸೇದಿದಳು. "ಬಲಕ್ಕ ಕೊಟ್ಲು."

ಆಟೋದಲ್ಲೇ ನೀಲಾ ತಾಯಿಯ ಮಡಿಲಿಗೆ ತಲೆ ಇಟ್ಟು ಅತ್ತಳು. ದೇವರು ಒಪ್ಪಿದ್ದಳು, ತಾಯಿ ಒಪ್ಪಿದ್ದಳು. ಇನ್ನು ಸರ್ಕಾರ ಒಪ್ಪುವುದೊಂದು ಬಾಕಿ ಇತ್ತು. ಅದು ತಾನಾಗಿಯೇ ಕರೆದಿದೆಯಲ್ಲ ಎಂದುಕೊಂಡಳು.

ಮರುದಿನ ಚನ್ನವೀರಪ್ಪ ಗೋಣಿಪರದೆ ಸರಿಸಿ ಹೇಳಿದ, "ಇದ ಕಡೀ ಗುರುವಾರ. ಮುಂದಿನ ವಾರ ಹಿಂಗ ಹೋದಿ ಅಂದ್ರ ಅಲ್ಲೇ ಇದ್ದುಬಿಡು."

"ಇದ ಕಡೀದು ಮಾಲಕ್ರ. ಇನ್ನ ಕಾಯೂದಿಲ್ಲ" ಎಂದಳು ನೀಲಾ ನಗುತ್ತಾ. ಅವಳು ಆ ಅಡುಗೆಮನೆಯಲ್ಲಿ ನಕ್ಕದ್ದು ಅಪರೂಪ. ಮೈತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮುತ್ತಿನ ಸರವನ್ನು ರವಿಕೆಯ ಒಳಗೆ ಹಾಕಿಕೊಂಡಳು. ಪೇಟೆಯಲ್ಲಿ ಅದನ್ನು ಹೊರಗೆ ಹಾಕಿದರೆ ಜನ ಭಿಕ್ಷೆಗೆ ಬಂದಳು ಅಂದುಕೊಳ್ಳುತ್ತಾರೆ.

ಕಾರಿಡಾರು ತೊಳೆದಿತ್ತು. ಗೋಡೆಗೆ ಸುಣ್ಣ ಹೊಡೆಸಿದ್ದರು. ಟೀವಿಯವರು ಬರುತ್ತಾರೆ, ಮಂತ್ರಿ ಮೂರು ಗಂಟೆಗೆ ಬರುತ್ತಾರೆ ಎಂದು ನರ್ಸುಗಳು ಓಡಾಡುತ್ತಿದ್ದರು. ಮನೋರೋಗದ ಆ ಹೊಸ ಡಾಕ್ಟರು ಚಕ್ರಪಾಣಿ ಒಬ್ಬೊಬ್ಬರನ್ನೇ ಒಳಗೆ ಕರೆದರು. ಬೇಗ ಬೇಗ ಕರೆದರು. ಹೋದವರು ಅಷ್ಟೇ ಬೇಗ ಹೊರಗೆ ಬಂದರು. ಒಬ್ಬಳಿಗೆ ತಾಯಿ ಸತ್ತಿದ್ದಾಳೆ, ಅಪ್ಪ ಮನೆಯಿಂದ ಓಡಿಸಿದ್ದಾನೆ. ಹಾಗಾಗಿ ಅವಳದು ಆಗಲಿಲ್ಲ. ಇನ್ನೊಬ್ಬಳ ಅಪ್ಪ ಬಂದಿದ್ದ. ಬಂದವನು ಡಾಕ್ಟರ ಎದುರಿಗೇ ಮಗಳ ಕಪಾಳಕ್ಕೆ ಹೊಡೆದು ಹೋದ. ಅದೂ ಆಗಲಿಲ್ಲ. ಯಾರೂ ಇಲ್ಲದ ಇಬ್ಬರಿಗೆ ತಾಯಿಯಾಗಿ ಶಿವಕ್ಕ ಒಳಗೆ ಹೋದಳು.

"ನೀವು ಹೆತ್ತಿದೀರಾ?" ಎಂದರಂತೆ ಡಾಕ್ಟರು.

"ಹೆತ್ತೋರು ಬೀದಿಗೆ ಹಾಕಿದ್ರು ಸಾರ್, ನಾನ್ ಎತ್ಕೊಂಡೆ. ಯಾರ್ ತಾಯಿ ನೀವೇ ಹೇಳಿ."

ಡಾಕ್ಟರು ಲಿಸ್ಟು ಮುಂದಕ್ಕೆ ಎಳೆದುಕೊಂಡರು. ಇಬ್ಬರ ಹೆಸರನ್ನೂ ತೆಗೆದರು. ಹೊರಗೆ ಬಂದ ಆ ಇಬ್ಬರೂ ಬೆಂಚಿನ ಮೇಲೆ ಕೂರಲೂ ಇಲ್ಲ. ಗಡಿಯಾಚೆಯ ಆ ಊರಿಗೆ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಿದ್ದಳು.

ಬೆಂಚು ಖಾಲಿಯಾಗುತ್ತಾ ಬಂದ ಹಾಗೆ ನೀಲಾಳಿಗೆ ಹೆದರಿಕೆಯೂ ಆಯಿತು, ಆಸೆಯೂ ಹೆಚ್ಚಾಯಿತು. ಅವಳ ಪಕ್ಕದಲ್ಲಿ ಹೆತ್ತ ತಾಯಿ ಇದ್ದಳು. ಇಡೀ ಬೆಂಚಿನಲ್ಲಿ ಒಪ್ಪಿ ಬಂದ ತಾಯಿ ಅವಳೊಬ್ಬಳೇ.

"ಯವ್ವಾ, ಕೇಳಿದಷ್ಟಕ್ಕ ಹೇಳು. ಖರೇ ಹೇಳು. ಸುಳ್ಳು ಹೇಳಿದ್ರ ಅವರಿಗೆ ಗೊತ್ತಾಗ್ತದ."

"ನಾ ಯಾಕ ಸುಳ್ಳು ಹೇಳ್ಲಿ?" ಎಂದಳು ಮುತ್ತವ್ವ.

ಡಾಕ್ಟರ್ ಚಕ್ರಪಾಣಿ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಅವರು ಮುತ್ತವ್ವನಿಗೆ ತಾವೇ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ ಅಮ್ಮಾ. ದೂರದಿಂದ ಬಂದಿದೀರ. ಇವ್ರು ನಿಮ್ಮ ಮಗನಾ?"

"ಮಗಳ್ರೀ."

ಡಾಕ್ಟರು ತಲೆಯಾಡಿಸಿದರು. ನೀಲಾ ಉಸಿರು ಬಿಟ್ಟಳು.

"ಮಗಳು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಮುತ್ತವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳ ಬಾಳಿನಲ್ಲಿ ಇಷ್ಟು ಓದಿದ ಮನುಷ್ಯ ಇಷ್ಟು ಮರ್ಯಾದೆಯಿಂದ ಅವಳನ್ನು ಏನನ್ನೂ ಕೇಳಿರಲಿಲ್ಲ. ಮಗಳ ಪರವಾಗಿ ತನ್ನ ಹತ್ತಿರ ಇದ್ದ ಅತಿ ದೊಡ್ಡ ಸಾಕ್ಷಿಯನ್ನು ಅವಳು ತೆಗೆದಳು.

"ಮೈಮ್ಯಾಲ ಯಲ್ಲವ್ವ ಬಂದಾಗ್ರೀ. ನನ್ನ ಮಗಳು ಅಂತ ಅಕೀನ ಹೇಳಿದ್ಲು. ಸೀರಿ ಉಡಸು ಅಂದ್ಲು. ಊರಿಗೆ ಊರ ಕೇಳೇದ್ರೀ."

ಪೆನ್ನು ಓಡುತ್ತಿದ್ದದ್ದು ನಿಂತಿತು. "ಅವಳೇ ಅಂದ್ರೆ, ದೇವರು? ದೇವರು ಮಾತಾಡ್ತಾಳಾ?"

"ಮಾತಾಡದ ಏನ್ರೀ? ಮಂಗಳವಾರ, ಶುಕ್ರವಾರ ಮಂದಿ ಬಂದು ಕೇಳ್ತಾರ. ಇದರ ಬಾಯಿಂದ ಹೇಳ್ತಾಳ."

"ಆಪರೇಷನ್ ಮಾಡಿಸ್ಕೋ ಅಂತಾನೂ ಅವಳೇ ಹೇಳಿದ್ಲಾ?"

"ಹೂ ಕೇಳೀನ್ರೀ. ಬಲಕ್ಕ ಕೊಟ್ಲು." ಮುತ್ತವ್ವನ ಮುಖ ಅರಳಿತ್ತು.

ಡಾಕ್ಟರು ನೀಲಾಳ ಕಡೆ ತಿರುಗಿದರು. ದನಿ ಇನ್ನಷ್ಟು ಮೃದುವಾಗಿತ್ತು. "ಆ ಹೊತ್ತಲ್ಲಿ ನಿಮಗೆ ಏನನ್ಸುತ್ತೆ?"

"ನನಗ ಏನೂ ಗೊತ್ತಾಗೂದಿಲ್ಲ ಸಾರ್. ಆಮ್ಯಾಲ ಮಂದಿ ಹೇಳ್ತಾರ, ಹಿಂಗಂದಿ, ಹಂಗಂದಿ ಅಂತ." ಅವಳೂ ಖರೆಯನ್ನೇ ಹೇಳಿದಳು. ಖರೆ ಹೇಳಿದರೆ ಕೆಲಸ ಆಗುತ್ತದೆ ಎಂದು ನಂಬಿದ್ದಳು.

ಡಾಕ್ಟರು ತುಂಬ ಹೊತ್ತು ಬರೆದರು. ಆಮೇಲೆ ಕನ್ನಡಕ ತೆಗೆದು ಹೇಳಿದರು. "ನೋಡಿ, ಬೇಜಾರ್ ಮಾಡ್ಕೋಬೇಡಿ. ಇದು ಬೇರೆ ಪ್ರಾಬ್ಲಮ್. ಮೊದ್ಲು ಇದಕ್ಕೆ ಟ್ರೀಟ್‌ಮೆಂಟ್ ಆಗ್ಬೇಕು. ಗುಳಿಗೆ ಬರ್ದಿದೀನಿ. ಯಾರೋ ಒಳಗೆ ಬಂದು ಮಾತಾಡ್ತಾರೆ ಅನ್ನೋ ಸ್ಥಿತೀಲಿ ಆಪರೇಷನ್‌ಗೆ ನಾನು ಒಪ್ಪಿಗೆ ಕೊಡೋಕಾಗಲ್ಲ. ಈ ಲಿಸ್ಟಿಂದ ತೆಗೀತಿದೀನಿ. ಟ್ರೀಟ್‌ಮೆಂಟ್ ಮುಗೀಲಿ, ಆಮೇಲೆ ಹೊಸದಾಗಿ ಬನ್ನಿ."

ನೀಲಾಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. 

"ಸಾರ್, ನನಗ ಹುಚ್ಚಿಲ್ಲ ಸಾರ್."

"ಹುಚ್ಚು ಅಂತ ನಾನ್ ಅಂದ್ನಾ?"

"ಅಕಿ ಹಳ್ಯಾಕಿ ಸಾರ್, ಏನೇನೋ ಹೇಳ್ತಾಳ." ಅವಳು ಮೇಜಿನ ಅಂಚು ಹಿಡಿದಳು. ಮುಂದಿನ ಮಾತು ಬಾಯಿಗೆ ಬಂದಾಗ ತಾಯಿ ಪಕ್ಕದಲ್ಲಿದ್ದಾಳೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. "ಎಲ್ಲಾ ಸುಳ್ಳು ಸಾರ್. ದೇವರು ಬರಲಿಲ್ಲ, ಏನೂ ಬರಲಿಲ್ಲ. ನಾನ ನಾಟಕ ಮಾಡೀನಿ. ಯಾವ ಯಲ್ಲವ್ವನೂ ಇಲ್ಲ. ಬರ್ಕೋರಿ ಸಾರ್, ಸುಳ್ಳು ಅಂತ ಬರ್ಕೋರಿ."

"ಈಗ ತಾನೆ ಹೌದು ಅಂದ್ರಿ, ಈಗ ಇಲ್ಲ ಅಂತೀರಿ" ಎಂದರು ಡಾಕ್ಟರು. ಅದನ್ನೂ ಬರೆದುಕೊಂಡರು. ಗಡಿಯಾರ ನೋಡಿ ಗಂಟೆ ಒತ್ತಿದರು.

ಮುತ್ತವ್ವ ಮಗಳನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ನಡುಬೀದಿಯಲ್ಲಿ ಸೆರಗು ಎಳೆಸಿಕೊಂಡವಳ ಮುಖದ ಹಾಗಿತ್ತು ಅವಳ ಮುಖ. ಊರಿನಲ್ಲಿ ಆ ಮಾತಿಗೆ ಜನ ಕೈ ಮುಗಿದಿದ್ದರು. ಇಲ್ಲಿ ಅದೇ ಮಾತಿಗೆ ಗುಳಿಗೆ ಬರೆದುಕೊಟ್ಟರು.

ಹೊರಗೆ ಬಂದ ನೀಲಾ ಬೆಂಚಿನ ಮೇಲೆ ಕೂರಲಾರದೆ ಗೋಡೆ ಹಿಡಿದು ಕುಸಿದಳು. ಹೊಸ ಸುಣ್ಣ ಅಂಗೈಗೆ ಹತ್ತಿತು.

"ಯವ್ವಾ, ಅಕಿನ್ನ ಇಲ್ಲ ಅಂದ್ಬಿಟ್ಟೆ. ನಿನ್ನ ಮುಂದ ಇಲ್ಲ ಅಂದೆ."

"ಅಕಿಗೆ ಗೊತ್ತೈತಿ, ಯಾಕ ಅಂದಿ ಅಂತ. ನನಗ ಏನೂ ತಿಳೀವಲ್ದು" ಎಂದಳು ಮುತ್ತವ್ವ. "ಏನಾತು? ನಾ ಏನ್ ತಪ್ಪು ಹೇಳ್ದೆ?"

ಯಾರು ಹೇಳಬೇಕು? ಶಿವಕ್ಕ ನೀಲಾಳ ಪಕ್ಕ ಕೂತು ಒಳಗೆ ಆದದ್ದನ್ನು ಪಿಸುದನಿಯಲ್ಲಿ ಕೇಳಿಕೊಂಡಳು. ಅಷ್ಟರಲ್ಲಿ ಪೊರಕೆ ಹಿಡಿದು ಕಲ್ಯಾಣಮ್ಮ ಬಂದಳು. ಖಾಲಿ ಬೆಂಚನ್ನು ಒರೆಸಿ ಇಡು, ಮಂತ್ರಿಗಳಿಗೆ ತೋರಿಸಬೇಕು ಎಂದು ಅವಳಿಗೆ ಹೇಳಿ ಕಳಿಸಿದ್ದರು.

"ಏನಾಯ್ತೇ ಶಿವಕ್ಕ? ಈ ಹೆಣ್ಮಗಳಿಗೆ ಆಗುತ್ತೆ ಅಂದಿದ್ಯಲ್ಲ?"

"ದೇವ್ರು ಮೈಮೇಲೆ ಬರುತ್ತೆ ಅಂದ್ಳಂತೆ ಇವ್ರಮ್ಮ. ಅದಕ್ಕೆ ತಲೆ ಕೆಟ್ಟಿದೆ ಅಂತ ಬರೆದ್ರು."

ಕಲ್ಯಾಣಮ್ಮನಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಮುತ್ತವ್ವನ ಹಣೆಯ ಭಂಡಾರ ನೋಡಿದಳು. ತನ್ನ ಕಾಲು ನೋಡಿಕೊಂಡಳು. ಸುಟ್ಟ ಗಾಯ ಮಾಗಿ ಕಪ್ಪು ಕಲೆ ಉಳಿದಿತ್ತು. ಪೊರಕೆಯನ್ನು ಬೆಂಚಿಗೆ ಒರಗಿಸಿ, ಮುತ್ತವ್ವನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾರಕ್ಕ ನನ್ ಜೊತೆ."

ಡಾಕ್ಟರು ಕೋಟು ಹಾಕಿಕೊಳ್ಳುತ್ತಿದ್ದರು. ಕಲ್ಯಾಣಮ್ಮ ಬಾಗಿಲು ತಟ್ಟಲಿಲ್ಲ. ಆ ಆಸ್ಪತ್ರೆಗೆ ಸೇರಿದಾಗಿನಿಂದ ಅವಳು ಬಾಗಿಲು ತಟ್ಟದೆ ಒಳಗೆ ಹೋದದ್ದು ಅದೇ ಮೊದಲು.

"ಸಾರ್, ನಂಗೂ ಒಂದ್ ಚೀಟಿ ಬರೀರಿ."

"ಏನ್ ಕಲ್ಯಾಣಮ್ಮ, ಈಗ? ಮಂತ್ರಿಗಳು ಬರ್ತಿದಾರೆ."

"ಮಾರಿಹಬ್ಬದಲ್ಲಿ ಮಾರಮ್ಮ ನನ್ ಮೈಮೇಲೆ ಬಂದಿದ್ಲು ಅಂತ ತಂಬಿಟ್ಟು ತಂದ್ಕೊಟ್ನಲ್ಲಾ ಸಾರ್. ಕಣ್ಣಿಗೊತ್ಕೊಂಡು ತಿಂದ್ರಿ. ಮಗಳಿಗೆ ಎಗ್ಜಾಮು, ಇನ್ನೊಂದ್ ತುಂಡು ಕೊಡು ಅಂತ ಇಸ್ಕೊಂಡ್ರಿ. ಅವತ್ತು ನಾನ್ ಹುಚ್ಚಿ ಆಗಿರ್ಲಿಲ್ವಾ?"

"ಅದು ಬೇರೆ ಕಲ್ಯಾಣಮ್ಮ."

"ಹೆಂಗ್ ಬೇರೆ ಸಾರ್?"

ಡಾಕ್ಟರು ಕೋಟಿನ ಗುಂಡಿ ಹಾಕತೊಡಗಿದರು.  ಮುತ್ತವ್ವ ಈಗ ಒಂದೊಂದೇ ಮಾತು ತೂಗಿ ಹೇಳಿದಳು.

"ನಿಮ್ಮ ಬಾಯಾಗ ಬಂದ್ರ ಪ್ರಸಾದ, ನನ್ನ ಮಗಳ ಮೈಯಾಗ ಬಂದ್ರ ರೋಗ ಏನ್ರೀ ಸಾಹೇಬ್ರ? ನನ್ನೂ ಬರ್ಕೋರಿ. ಅಕೀ ಕೂಡ ಮಾತಾಡಿದಾಕಿ ನಾ. ಮೊದಲ ನನಗ ಗುಳಿಗಿ ಕೊಡ್ರಿ."

ಬಾಗಿಲು ತೆರೆದೇ ಇತ್ತು. ಕಾರಿಡಾರಿನಲ್ಲಿ ಮಾತು ಬೇಗ ಹರಡುತ್ತದೆ. ಬಸುರಿಯರ ಸಾಲಿನಲ್ಲಿದ್ದ ಒಬ್ಬ ಹೆಂಗಸು, ಇಷ್ಟು ದಿನ ಸೆರಗು ಎಳೆದುಕೊಂಡು ಈ ಬೆಂಚನ್ನು ದಾಟಿದ್ದವಳೇ, "ನಮ್ಮತ್ತೆಗೂ ಬರ್ತಾಳೆ, ಹುಚ್ಚಿ ಅಂದೋರ ನಾಲ್ಗೆ ಸೀಳ್ತೀನಿ" ಎಂದಳು. ಎಕ್ಸರೇ ಚೀಟಿ ಹಿಡಿದ ಮುದುಕನೊಬ್ಬ ನನ್ನ ತಮ್ಮನ ಮೇಲೆ ವೀರಭದ್ರ ಬರುತ್ತಾನೆ ಎಂದ. ಲಿಫ್ಟಿನವನು ತನ್ನ ಹೆಂಡತಿಯ ವಿಷಯ ಹೇಳಿದ. ನೋಡನೋಡುತ್ತ ಕಲ್ಯಾಣಮ್ಮನ ಹಿಂದೆ ಮುತ್ತವ್ವ, ಮುತ್ತವ್ವನ ಹಿಂದೆ ಆ ಬಸುರಿ, ಅವಳ ಹಿಂದೆ ಇನ್ನೊಬ್ಬರು ನಿಂತರು. ಬೆಳಗ್ಗೆ ಹೆಸರು ತೆಗೆಸಿಕೊಂಡವರೂ ಬಂದರು. ಗಡಿಯಾಚೆಯ ಬಸ್ಸು ಹುಡುಕುತ್ತಿದ್ದ ಇಬ್ಬರು ಮಾತ್ರ ಅಲ್ಲಿ ಇರಲಿಲ್ಲ. ಶಿವಕ್ಕ ಗೇಟಿನ ತನಕ ಓಡಿ ನೋಡಿ ಬಂದಳು. ಅವರು ಹೋಗಿಬಿಟ್ಟಿದ್ದರು.

ನೀಲಾ ಇನ್ನೂ ಗೋಡೆಯ ಬುಡದಲ್ಲೇ ಕೂತಿದ್ದಳು. ಕೈಯಲ್ಲಿ ಗುಳಿಗೆಯ ಚೀಟಿ. ಇಷ್ಟು ಜನ ನಿಂತರೂ ತನ್ನ ಹೆಸರು ವಾಪಸು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ಗುರುವಾರ ಇಲ್ಲ. ಖಾನಾವಳಿಯ ಒಲೆಯ ಮುಂದೆ ಕೂತಾಗೆಲ್ಲ ಆ ಲಾಡ್ಜಿನ ರೂಮು ಕಣ್ಣ ಮುಂದೆ ಬರುತ್ತದೆ, ಅದೂ ಗೊತ್ತಿತ್ತು. ಸಾಲಿನ ಮುಂದಿನಿಂದ ಮುತ್ತವ್ವ ತಿರುಗಿ ನೋಡಿದಳು.  ನೀಲಾ ರವಿಕೆಯೊಳಗೆ ಕೈ ಹಾಕಿ ಕೆಂಪು ಬಿಳಿ ಮಣಿಗಳ ಸರವನ್ನು ಹೊರಗೆಳೆದು ಸೆರಗಿನ ಮೇಲೆ ಹಾಕಿಕೊಂಡಳು. ಎದ್ದು ಹೋಗಿ ಸಾಲಿನ ಕೊನೆಗೆ ನಿಂತಳು.

ಮೆಟ್ಟಿಲ ಕಡೆಯಿಂದ ಬೂಟಿನ ಸಪ್ಪಳ ಬಂತು. ಮುಂದೆ ಪೊಲೀಸು, ನಡುವೆ ಮಂತ್ರಿ, ಪಕ್ಕದಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು, ಹಿಂದೆ ಕ್ಯಾಮೆರಾ. ದೊಡ್ಡ ಡಾಕ್ಟರು ಕೈ ಚಾಚಿ ತೋರಿಸುತ್ತಲೇ ಬರುತ್ತಿದ್ದರು. "ಇದೇ ಸಾರ್ ಆ ಬೆಂಚು. ಇವತ್ತಿಗೆ ಎಲ್ಲಾ ಕ್ಲಿಯರ್. ಈಗ ಇಲ್ಲಿ ಕಾಯೋರು ಯಾರೂ ಇಲ್ಲ."

ಬೆಂಚು ನಿಜವಾಗಿಯೂ ಖಾಲಿ ಇತ್ತು. ಅದಕ್ಕೆ ಒರಗಿಸಿದ ಒಂದು ಪೊರಕೆ ಮಾತ್ರ ಇತ್ತು. ಡಾಕ್ಟರ ಬಾಗಿಲಿನಿಂದ ಮೆಟ್ಟಿಲ ತನಕ ಜನ ನಿಂತಿದ್ದರು.

ಮಂತ್ರಿಯ ಕಾಲು ನಿಂತಿತು. "ಯಾರಿವ್ರೆಲ್ಲಾ? ಏನ್ ಮಾಡ್ತಿದಾರೆ ಇಲ್ಲಿ?"

ಮಂತ್ರಿಗೆ ಅತಿ ಹತ್ತಿರ ನಿಂತಿದ್ದವಳು ಸಾಲಿನ ಕೊನೆಯವಳು. ಗೋಣಿಪರದೆಯ ಹಿಂದೆ ಕೂತು ಕೂತು ಅವಳಿಗೆ ಜನರ ಮುಂದೆ ಗಟ್ಟಿಯಾಗಿ ಮಾತಾಡಿ ರೂಢಿಯೇ ಇರಲಿಲ್ಲ. ಕ್ಯಾಮೆರಾದ ಬೆಳಕು ಮುಖಕ್ಕೆ ಬಿತ್ತು. ನೀಲಾ ಮುಖ ತಿರುಗಿಸಲಿಲ್ಲ.

"ಕಾಯಾಕ ಹತ್ತೇವ್ರಿ" ಎಂದಳು.